ಗ್ರಹಣಕ್ಕೂ ಮೊದಲು, ದಸರಾ ಹೊತ್ತಿಗೆ

ಹುಟ್ಟಿದ ಮಗುವಿನಲ್ಲಿ ಊನ ಕಂಡರೆ ನಮ್ಮ ಕಡೆ ಮೊದಲು ಜಾಲಾಡುವುದು ತಾಯಿಯ ಒಂಬತ್ತು ತಿಂಗಳನ್ನು. ಗ್ರಹಣದ ದಿನ ಅಂಗಳಕ್ಕೆ ಇಳಿದಿದ್ದಳಾ? ಮೆಟ್ಟುಕತ್ತಿ ಹಿಡಿದು ತರಕಾರಿ ಹೆಚ್ಚಿದಳಾ? ನಾಗಬನದ ಹತ್ತಿರ ಮೈಲಿಗೆಯಲ್ಲಿ ಓಡಾಡಿದಳಾ? ಪಪ್ಪಾಯಿ ತಿಂದಳಾ? ಮಂಗಳೂರಿನ ಹೆರಿಗೆ ವಾರ್ಡುಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದ ನನಗೆ ಈ ಪ್ರಶ್ನೆಗಳೆಲ್ಲ ಬಾಯಿಪಾಠ. ಕೇಳುವವರು ಕೆಟ್ಟವರೇನಲ್ಲ. ಎಷ್ಟೋ ಸಲ ಹಾಗೆ ಕೇಳಿದ ಅತ್ತೆಯೇ ರಾತ್ರಿಯೆಲ್ಲ ಸೊಸೆಯ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿ ಕೂತಿರುತ್ತಾರೆ. ಆದರೆ ಆ ಪ್ರಶ್ನೆಗಳು ಹೋಗಿ ಬೀಳುವುದು ಒಂದೇ ತಲೆಯ ಮೇಲೆ. ಅದನ್ನು ತಡೆಯಲಿಕ್ಕೆ ನಮ್ಮ ಕೈಯಲ್ಲಿರುವುದು ಒಂದೇ: ಯಾವುದು ಯಾವಾಗ ಆಯಿತು ಎಂಬ ಲೆಕ್ಕ. ಆ ಲೆಕ್ಕವನ್ನು ಇಲ್ಲಿ ಬರೆದಿಡಬೇಕು ಎನಿಸಿದೆ.

ಸೈರೆನೋಮೀಲಿಯಾ ಎಂಬ ಸ್ಥಿತಿಯೊಂದಿದೆ. ಗರ್ಭದಲ್ಲಿ ಮಗುವಿನ ಎರಡು ಕಾಲುಗಳು ಬೇರೆಯಾಗದೆ ಒಂದೇ ಆಗಿ ಬೆಳೆಯುತ್ತವೆ. ಸೊಂಟದಿಂದ ಕೆಳಗೆ ಸಪೂರವಾಗುತ್ತಾ ಹೋಗುತ್ತದೆ. ಕೆಲವು ಮಕ್ಕಳಲ್ಲಿ ಚರ್ಮ, ಮಾಂಸ ಮಾತ್ರ ಕೂಡಿಕೊಂಡು ಒಳಗೆ ಎರಡು ಕಾಲಿನ ಎಲುಬುಗಳೂ ಪೂರ್ತಿ ಇರುತ್ತವೆ. ಇನ್ನು ಕೆಲವರಲ್ಲಿ ತೊಡೆಯ ಎಲುಬು ಒಂದೇ, ಅದರ ಕೆಳಗೆ ಏನೂ ಇರುವುದಿಲ್ಲ. ಈ ಎರಡರ ನಡುವಿನ ಸ್ಥಿತಿಗಳನ್ನು ಸ್ಟಾಕರ್ ಮತ್ತು ಹೈಫೆಟ್ಸ್ ಎಂಬ ವೈದ್ಯರು 1987ರಲ್ಲಿ ಎಲುಬಿನ ಆಧಾರದ ಮೇಲೆ 7 ಗುಂಪು ಮಾಡಿದರು. ಲಕ್ಷ ಹೆರಿಗೆಗೆ ಹೆಚ್ಚುಕಡಿಮೆ ಒಂದು ಮಗು ಹೀಗೆ ಹುಟ್ಟುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಇಡೀ ಸರ್ವಿಸ್ ಮುಗಿಸಿದ ನರ್ಸ್ ಒಂದನ್ನೂ ನೋಡದೆ ಮನೆಗೆ ಹೋಗಬಹುದು. ನಾನು ನೋಡಿದೆ.

ಆ ತಾಯಿ ಮಂಜೇಶ್ವರ ಕಡೆಯ ಹುಡುಗಿ, ಮದುವೆಯಾಗಿ ಬಂದದ್ದು ನೇತ್ರಾವತಿ ಸೇತುವೆಯ ಆಚೆಗಿನ ಒಂದು ಊರಿಗೆ. ಬೀಡಿ ಕಟ್ಟುತ್ತಿದ್ದಳು. ಗಂಡ ಗಾರೆ ಕೆಲಸ. ಮೊದಲ ಬಸಿರು. ತಾಯಿ ಕಾರ್ಡಿನಲ್ಲಿ ಎಲ್ಲವೂ ಅಚ್ಚುಕಟ್ಟು: ಬಿಪಿ ಸರಿ, ರಕ್ತ ಸರಿ, ಶುಗರ್ ಸರಿ. 2020ರ ಜನವರಿ ಕೊನೆಯಲ್ಲಿ, ಐದನೇ ತಿಂಗಳ ಸ್ಕ್ಯಾನಿಂಗಿಗೆ ಬಂದಾಗ ಇಪ್ಪತ್ತೊಂದು ವಾರ ತುಂಬಿತ್ತು.

ಸ್ಕ್ಯಾನಿಂಗ್ ಕೋಣೆಯಲ್ಲಿ ನಿಂತು ಅಭ್ಯಾಸವಾದವರಿಗೆ ಪರದೆ ಓದಲು ಬಾರದಿದ್ದರೂ ಅದರ ಬಣ್ಣ ತಿಳಿಯುತ್ತದೆ. ಮಗುವಿನ ಸುತ್ತ ನೀರು ಇದ್ದರೆ ಅದು ಕಪ್ಪಗೆ ಕಾಣುತ್ತದೆ, ಆ ಕಪ್ಪಿನೊಳಗೆ ಮಗು ಬೆಳ್ಳಗೆ ಎದ್ದು ತೋರುತ್ತದೆ. ಅವತ್ತು ಕಪ್ಪು ಎಂಬುದೇ ಇರಲಿಲ್ಲ. ಎಲ್ಲ ಬೂದಿ ಬಣ್ಣ, ಗರ್ಭಕೋಶದ ಗೋಡೆ ಮಗುವಿಗೆ ಒತ್ತಿಕೊಂಡ ಹಾಗೆ. ಡಾಕ್ಟರ್ ಮತ್ತಷ್ಟು ಜೆಲ್ ಹಾಕಿ ಹೊಟ್ಟೆಯ ಕೆಳಗಿನಿಂದ ಮೇಲಕ್ಕೆ, ಪಕ್ಕದಿಂದ ಪಕ್ಕಕ್ಕೆ ನಿಧಾನ ನೋಡಿದರು. ತೊಡೆಯ ಎಲುಬು ಎರಡು ಗೆರೆಯಾಗಿ ಕಂಡವು. ಆಕೆಯನ್ನು ಎಡಕ್ಕೆ ಮಗ್ಗುಲಾಗಿಸಿದರು, ಬಲಕ್ಕೆ ಮಾಡಿಸಿದರು, ಎದ್ದು ಓಡಾಡಿ ನೀರು ಕುಡಿದು ಬರಲು ಹೇಳಿದರು. ಮಗು ಹೇಗೆ ತಿರುಗಿದರೂ ಆ ಎರಡು ಗೆರೆಗಳ ನಡುವಿನ ಅಂತರ ಅಷ್ಟೇ ಉಳಿಯಿತು. ಕಿಡ್ನಿ ಇರಬೇಕಾದ ಜಾಗದಲ್ಲಿ ಕಿಡ್ನಿ ಕಾಣಲಿಲ್ಲ. ಮೂತ್ರಕೋಶ ತುಂಬಲಿಲ್ಲ. ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಅಭಿಧಮನಿ ಇರಬೇಕು. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದಾಗ ಅಪಧಮನಿ ಒಂದೇ ಕಂಡಿತು, ಅದೂ ಹೊಟ್ಟೆಯ ಮೇಲ್ಭಾಗದಿಂದಲೇ ಹೊರಟಿತ್ತು.

(ಇದನ್ನು ಓದುವ ಬಸುರಿಯರು ಯಾರಾದರೂ ಇದ್ದರೆ ಒಂದು ಮಾತು: ರಿಪೋರ್ಟಿನಲ್ಲಿ ‘ಒಂದೇ ಅಪಧಮನಿ’ ಎಂದು ಬರೆದಿದ್ದರೆ ಹೆದರಬೇಡಿ. ನೂರು ಬಸಿರಿನಲ್ಲಿ ಒಂದರಷ್ಟು ಹಾಗಿರುತ್ತದೆ, ಅವುಗಳಲ್ಲಿ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ. ಅದು ಎಲ್ಲಿಂದ ಹೊರಟಿದೆ, ಜೊತೆಗೆ ಬೇರೇನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.)

ಡಾಕ್ಟರ್ ಇಬ್ಬರನ್ನೂ ಕೂರಿಸಿ ಹೇಳಿದರು. ಗಂಡ ಕೇಳಿದ ಮೊದಲ ಪ್ರಶ್ನೆ ಇದು: “ಕಾಲು ಆಪರೇಶನ್ ಮಾಡಿ ಬಿಡಿಸ್ಲಿಕ್ಕೆ ಆಗುದಿಲ್ವಾ ಡಾಕ್ಟ್ರೇ? ಸಾಲ ಮಾಡಿಯಾದ್ರೂ ಮಾಡಿಸುವ.”

ಯಾರು ಕೇಳಿದರೂ ಅದನ್ನೇ ಕೇಳುತ್ತಾರೆ, ಕಣ್ಣಿಗೆ ಕಾಣುವುದು ಕಾಲು ತಾನೇ. ಆದರೆ ಇಂಥ ಮಗುವಿನ ಜೀವಕ್ಕೆ ಎರವಾಗುವುದು ಕಾಲಲ್ಲ. ಬಸಿರಿನ ನಾಲ್ಕನೇ ತಿಂಗಳಿನಿಂದಾಚೆ ಗರ್ಭದೊಳಗಿನ ನೀರು ಬಹುಪಾಲು ಮಗುವಿನ ಮೂತ್ರವೇ. ಮಗು ಅದನ್ನು ಕುಡಿಯುತ್ತದೆ, ಉಸಿರಾಟದ ಅಭ್ಯಾಸ ಮಾಡುವಾಗ ಅದನ್ನೇ ಒಳಗೆಳೆದು ಬಿಡುತ್ತದೆ. ಶ್ವಾಸಕೋಶ ಅರಳುವುದು ಹಾಗೆ. ಕಿಡ್ನಿ ಇಲ್ಲದಿದ್ದರೆ ಮೂತ್ರವಿಲ್ಲ, ಮೂತ್ರವಿಲ್ಲದಿದ್ದರೆ ನೀರಿಲ್ಲ, ನೀರಿಲ್ಲದಿದ್ದರೆ ಶ್ವಾಸಕೋಶ ಬೆಳೆಯುವುದಿಲ್ಲ. ಮಗುವಿನ ಮುಖವೂ ಒತ್ತಡಕ್ಕೆ ಸಿಕ್ಕಿ ಮೂಗು ಚಪ್ಪಟೆಯಾಗುತ್ತದೆ, ಕಿವಿ ಕೆಳಗಿಳಿಯುತ್ತದೆ. ಕಿಡ್ನಿ ಇಲ್ಲದೆ ಹುಟ್ಟಿದ ಮಕ್ಕಳಲ್ಲಿ ಈ ಮುಖಲಕ್ಷಣವನ್ನು ಅಮೆರಿಕದ ರೋಗಶಾಸ್ತ್ರಜ್ಞೆ ಎಡಿತ್ ಪಾಟರ್ 1946ರಲ್ಲೇ ಗುರುತಿಸಿ ಬರೆದಿದ್ದರು. ಸೈರೆನೋಮೀಲಿಯಾದ ಹೆಚ್ಚಿನ ಮಕ್ಕಳಿಗೆ ಗುದದ್ವಾರವೂ ತೆರೆದಿರುವುದಿಲ್ಲ, ಜನನಾಂಗವೂ ರೂಪುಗೊಂಡಿರುವುದಿಲ್ಲ. ಕಾಲನ್ನು ಬಿಡಿಸಬಲ್ಲ ಶಸ್ತ್ರವೈದ್ಯರು ಇದ್ದರೂ ಶ್ವಾಸಕೋಶ ಹುಟ್ಟಿಸಬಲ್ಲವರು ಯಾರೂ ಇಲ್ಲ.

ಬದುಕಿದವರು ಇದ್ದಾರೆ. ಯಾರಲ್ಲಿ ಒಂದಿಷ್ಟಾದರೂ ಕೆಲಸ ಮಾಡುವ ಕಿಡ್ನಿ ಇತ್ತೋ ಅವರು. 1988ರಲ್ಲಿ ಹುಟ್ಟಿದ ಅಮೆರಿಕದ ಟಿಫನಿ ಯಾರ್ಕ್ಸ್‌ಗೆ ಕೂಸಾಗಿದ್ದಾಗಲೇ ಕಾಲು ಬಿಡಿಸುವ ಶಸ್ತ್ರಚಿಕಿತ್ಸೆಯಾಯಿತು. ಆಕೆ 27 ವರ್ಷ ಬದುಕಿ 2016ರಲ್ಲಿ ತೀರಿಕೊಂಡಳು. ಪೆರುವಿನ ಮಿಲಾಗ್ರೋಸ್ ಸೆರೋನ್ 2004ರಲ್ಲಿ ಹುಟ್ಟಿದಳು, 2005ರಲ್ಲಿ ಲಿಮಾದ ವೈದ್ಯರು ಆಕೆಯ ಕಾಲನ್ನು ಬೇರ್ಪಡಿಸಲು ಆರಂಭಿಸಿದರು, 2019ರಲ್ಲಿ ಹದಿನೈದನೇ ವಯಸ್ಸಿನಲ್ಲಿ ಹೋದಳು. ಅಮೆರಿಕದ ಮೇನ್ ರಾಜ್ಯದ ಶೈಲೋ ಪೆಪಿನ್‌ಗೆ ಕಾಲು ಬಿಡಿಸುವ ಶಸ್ತ್ರಚಿಕಿತ್ಸೆ ಮಾಡಿಸಲೇ ಇಲ್ಲ. ಕಿಡ್ನಿ ಕಸಿ ಎರಡು ಸಲ ಆಯಿತು. ಕೂಡಿದ ಕಾಲಿನಲ್ಲೇ ಶಾಲೆಗೆ ಹೋಗುತ್ತಾ, ಬ್ಯಾಲೆ ನೃತ್ಯ ಕಲಿಯುತ್ತಾ ಹತ್ತು ವರ್ಷ ಬದುಕಿ 2009ರಲ್ಲಿ ತೀರಿಕೊಂಡಳು. ಮೂವರ ಬದುಕಿನಲ್ಲೂ ದೊಡ್ಡ ಹೋರಾಟ ನಡೆದದ್ದು ಸೊಂಟದ ಒಳಗೆ, ಕಿಡ್ನಿಗಾಗಿ.

ಮಂಜೇಶ್ವರದ ಹುಡುಗಿಯ ಮಗುವಿಗೆ ಆ ಅವಕಾಶ ಇರಲಿಲ್ಲ. ಡಾಕ್ಟರ್ ಅದನ್ನು ಮುಚ್ಚಿಡಲಿಲ್ಲ.

ಆಗಿನ ಕಾನೂನಿನಂತೆ ಗರ್ಭಪಾತಕ್ಕೆ ಇದ್ದ ಗಡುವು 20 ವಾರ. 1971ರ ಕಾಯ್ದೆ ಅದು. ಐದನೇ ತಿಂಗಳ ಸ್ಕ್ಯಾನಿಂಗ್ ಮಾಡುವುದೇ 18ರಿಂದ 20 ವಾರದ ಹೊತ್ತಿಗೆ. ದೋಷ ಗೊತ್ತಾಗುವ ದಿನವೂ ಗಡುವು ಮುಗಿಯುವ ದಿನವೂ ಬೆನ್ನುಬೆನ್ನಿಗೆ ಬರುತ್ತಿದ್ದವು. ದಾಟಿದರೆ ಹೈಕೋರ್ಟಿನ ಬಾಗಿಲು ಬಡಿಯಬೇಕಿತ್ತು. ಬೀಡಿ ಕಟ್ಟುವವಳು, ಗಾರೆ ಕೆಲಸದವನು ಬೆಂಗಳೂರಿಗೆ ಹೋಗಿ ವಕೀಲರನ್ನು ಹಿಡಿಯುವುದೆಲ್ಲಿ? 2021ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಆ ವರ್ಷದ ಸೆಪ್ಟೆಂಬರ್ 24ರಿಂದ, ಭ್ರೂಣದಲ್ಲಿ ಗಂಭೀರ ಊನವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ವಾರಗಳ ಮಿತಿ ಅನ್ವಯಿಸುವುದಿಲ್ಲ. ಬಸಿರನ್ನು ಮುಂದುವರಿಸುವುದೋ ನಿಲ್ಲಿಸುವುದೋ ಎಂಬುದು ಆ ತಾಯಿಗೆ ಬಿಟ್ಟ ವಿಷಯ, ನಾನು ಅದರಲ್ಲಿ ಅಭಿಪ್ರಾಯ ಹೇಳುವವಳಲ್ಲ. ನಿರ್ಧಾರ ಮಾಡುವ ಅವಕಾಶವಾದರೂ ಆಕೆಗೆ ಇರಬೇಕಿತ್ತು. ಒಂದೂವರೆ ವರ್ಷ ಮೊದಲಾಯಿತು ಎಂಬ ಕಾರಣಕ್ಕೆ ಅದು ಇಲ್ಲವಾಯಿತು. ಇದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಮುಂದಿನ ಸಲ ಆಕೆ ಬಂದಾಗ ಮುಖದಲ್ಲಿ ಬೇರೆಯದೇ ಒಂದು ಭಾರ ಇತ್ತು. ಮನೆಯವರು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದ್ದರು. ನಾಗದೋಷ ಎಂದು ಬಂದಿತ್ತು. ಕಾಲು ಕೂಡಿ ಕೆಳಗೆ ಸಪೂರವಾಗಿದೆ ಎಂಬ ಸುದ್ದಿ ಊರಿಗೆ ಮುಟ್ಟಿದ ಮೇಲೆ, ತುಳುನಾಡಿನಲ್ಲಿ ಬೇರೆ ಏನು ಬರುವುದಕ್ಕೆ ಸಾಧ್ಯ? ಜೊತೆಗೆ ಗ್ರಹಣ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಇಲ್ಲಿಯವರಿಗೆ ಚೆನ್ನಾಗಿ ನೆನಪಿರುತ್ತದೆ. ಬೆಳಗಿನ ಹೊತ್ತಿಗೇ ಬಿಸಿಲು ಮಂಕಾಗಿತ್ತು. ಅವತ್ತು ಆಕೆ ಒಣಗಲು ಹಾಕಿದ್ದ ಬಟ್ಟೆ ತೆಗೆಯಲು ಅಂಗಳಕ್ಕೆ ಇಳಿದದ್ದನ್ನು ಪಕ್ಕದ ಮನೆಯವರು ನೋಡಿದ್ದರಂತೆ.

“ನಾನು ಎರಡು ನಿಮಿಷ ಹೋದದ್ದು ಸಿಸ್ಟರ್,” ಅಂದಳು. “ಎರಡು ನಿಮಿಷದಲ್ಲಿ ಹೀಗೆ ಆಗ್ತದಾ?”

ಅವಳ ‘ತಾಯಿ ಕಾರ್ಡ್’ ಮೇಜಿನ ಮೇಲಿಟ್ಟು, ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರ್ ಇಳಿಸಿ, ಅವಳ ಜೊತೆಗೆ ಲೆಕ್ಕ ಹಾಕಿದೆ. ಕೊನೆಯ ಮುಟ್ಟು ಸೆಪ್ಟೆಂಬರ್ ಮೊದಲ ವಾರ. ಗರ್ಭ ಕಟ್ಟಿದ್ದು ಅದೇ ತಿಂಗಳ ಮೂರನೇ ವಾರದ ಸುಮಾರಿಗೆ. ಮಗುವಿನ ಕೆಳಭಾಗ ಯಾವುದರಿಂದ ಆಗಬೇಕೋ ಆ ಜೀವಕೋಶಗಳು ಸರಿದು ಸೇರಿ ಜಾಗ ಹಿಡಿಯುವುದು ಗರ್ಭ ಕಟ್ಟಿದ ಮೂರನೇ ವಾರದಲ್ಲಿ, ನಾಲ್ಕನೆಯ ವಾರದ ಕೊನೆಗೆ ಕಾಲುಗಳ ಮೊಳಕೆ ಕಾಣಿಸುತ್ತದೆ. ಎಡವಟ್ಟಾಗುವುದು ಆ ಕೆಲವೇ ದಿನಗಳಲ್ಲಿ. ಅಂದರೆ 2019ರ ಅಕ್ಟೋಬರ್ ಮೊದಲ ಹದಿನೈದು ದಿನ. ಆಗ ನವರಾತ್ರಿ, 8ನೇ ತಾರೀಕು ವಿಜಯದಶಮಿ, ಮಂಗಳೂರಿನಲ್ಲಿ ಕುದ್ರೋಳಿಯ ದಸರಾ ಮೆರವಣಿಗೆ.

“ದಸರಾಕ್ಕೆ ಹೋಗಿದ್ದಿಯಾ?”

“ಹೋಗಿದ್ದೆವು ಸಿಸ್ಟರ್. ಹುಲಿವೇಷ ನೋಡ್ಲಿಕ್ಕೆ. ಆಗ ನಂಗೆ ಬಸಿರು ಅಂತಲೇ ಗೊತ್ತಿರ್ಲಿಲ್ಲ.”

“ಆಗಲೇ ಆಗಿಹೋಗಿತ್ತು ಮಗಾ. ಗ್ರಹಣ ಬರುವಾಗ ಅದಕ್ಕೆ ಎರಡು ತಿಂಗಳ ಮೇಲಾಗಿತ್ತು.”

ಅವಳು ಬೆರಳಿಟ್ಟು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಒಂದೊಂದೇ ಹಾಳೆ ತಿರುವಿದಳು. ಮತ್ತೆ ಹಿಂದಕ್ಕೆ ತಿರುವಿದಳು. ಆಮೇಲೆ ಗಂಡನನ್ನು ಒಳಗೆ ಕರೆದು ಅವನಿಗೂ ಅದನ್ನೇ ತೋರಿಸಿದಳು.

ಹಾಗಾದರೆ ಆ ದಿನಗಳಲ್ಲಿ ಏನಾಗುತ್ತದೆ? ಎರಡು ವಿವರಣೆಗಳಿವೆ. ಒಂದು ರಕ್ತದ ದಾರಿಯದು, 1986ರಲ್ಲಿ ಸ್ಟೀವನ್‌ಸನ್ ಮತ್ತು ಸಂಗಡಿಗರು ಮುಂದಿಟ್ಟದ್ದು. ಸಾಮಾನ್ಯವಾಗಿ ಮಹಾಪಧಮನಿಯ ರಕ್ತ ಸೊಂಟಕ್ಕೆ, ಕಾಲಿಗೆ ಹರಿಯುತ್ತದೆ, ಮಾಸುಚೀಲಕ್ಕೆ ಹೋಗುವ ದಾರಿ ಕೆಳಗೆ ಒಡೆಯುತ್ತದೆ. ಈ ಮಕ್ಕಳಲ್ಲಿ ದಪ್ಪದೊಂದು ನಾಳ ಹೊಟ್ಟೆಯ ಮೇಲ್ಭಾಗದಲ್ಲೇ ಕವಲೊಡೆದು ರಕ್ತವನ್ನು ನೇರ ಮಾಸುಚೀಲಕ್ಕೆ ಒಯ್ಯುತ್ತದೆ. ಅಡಿಕೆ ತೋಟದ ಮೇಲ್ತಲೆಯಲ್ಲೇ ಕಣಿಯ ನೀರು ಬೇರೆ ಕಡೆ ತಿರುಗಿದರೆ ಕೆಳಗಿನ ಸಾಲುಗಳು ಒಣಗುವಂತೆ, ಆ ಕವಲಿನಿಂದ ಕೆಳಗಿರುವ ಕಿಡ್ನಿ, ಕರುಳಿನ ತುದಿ, ಸೊಂಟ, ಕಾಲು ಎಲ್ಲದಕ್ಕೂ ಪೋಷಣೆ ತಪ್ಪುತ್ತದೆ. ಇನ್ನೊಂದು ವಿವರಣೆ, ಕೆಳಭಾಗ ಕಟ್ಟಬೇಕಾದ ಜೀವಕೋಶಗಳೇ ಸಾಕಷ್ಟು ಹುಟ್ಟುವುದಿಲ್ಲ, ನಾಳದ ದಾರಿ ಬದಲಾಗುವುದು ಅದರ ಫಲ ಎನ್ನುತ್ತದೆ. ಹೇಗೇ ಆದರೂ ಕಾಲುಗಳು ಬೆಳೆದ ಮೇಲೆ ಅಂಟಿಕೊಂಡದ್ದಲ್ಲ, ಬೇರೆಯಾಗಲೇ ಇಲ್ಲ. ಅದಕ್ಕೆ ಸಾಕ್ಷಿ ಎಲುಬುಗಳಲ್ಲೇ ಇದೆ. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿ ಇರಬೇಕಾದ ಸಪೂರ ಎಲುಬು ಈ ಮಕ್ಕಳಲ್ಲಿ ನಡುವೆ ಇರುತ್ತದೆ. ಕಾಲುಗಳು ಒಳಕ್ಕೆ ತಿರುಗುವ ಮೊದಲೇ ಎಲ್ಲ ನಿಂತುಹೋದದ್ದರ ಗುರುತು ಅದು. ಒಂದೇ ಅಂಡದಿಂದಾದ ಅವಳಿಗಳಲ್ಲಿ ಇದು ಉಳಿದವರಿಗಿಂತ ನೂರು ಪಟ್ಟಿಗೂ ಹೆಚ್ಚು ಕಾಣಿಸುತ್ತದೆ. ಅಂಥ ಅವಳಿಗಳಲ್ಲೂ ಸಾಮಾನ್ಯವಾಗಿ ಒಂದಕ್ಕೆ ಮಾತ್ರ. ಒಂದೇ ಹೊಟ್ಟೆ, ಒಂದೇ ಊಟ, ಒಂದೇ ಗ್ರಹಣ. ತಾಯಿ ಮಾಡಿದ್ದರಿಂದ ಆಯಿತು ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? ಮನೆತನದಲ್ಲಿ ಹರಿದು ಬರುವುದೂ ಅಲ್ಲ. ಒಮ್ಮೆ ಹೀಗಾದವರಿಗೆ ಮುಂದಿನ ಮಗು ಸರಿಯಾಗಿ ಹುಟ್ಟುವುದೇ ಸಾಮಾನ್ಯ.

ನಾಗನ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲೂ ನಾಗಬನ ಉಂಟು, ನಾಗರಪಂಚಮಿಗೆ ನಾನೂ ತನು ಎರೆಯುತ್ತೇನೆ. ಮಗು ಕಳೆದುಕೊಂಡ ಮನೆಯವರು ಕುಡುಪಿಗೋ ಕುಕ್ಕೆಗೋ ಹೋಗಿ ಆಶ್ಲೇಷಾ ಬಲಿ ಮಾಡಿಸಿ ಬಂದರೆ, ಆ ಒಂದು ದಿನ ಎಲ್ಲರೂ ಒಟ್ಟಿಗೆ ಕೂತು ದುಃಖ ಹಂಚಿಕೊಂಡರೆ, ಅದಕ್ಕೆ ಬೇಡ ಎನ್ನಲು ನಾನು ಯಾರು? ನನ್ನ ತಕರಾರು ಒಂದೇ. ದೇವರಿಗೆ ಕೈಮುಗಿದು ಮನೆಗೆ ಬಂದ ಮೇಲೂ “ಇವಳಿಂದ ಆಯ್ತು” ಎಂಬ ಮಾತು ಅಡುಗೆ ಮನೆಯಲ್ಲಿ ಉಳಿಯಬಾರದು. ಕಾರಣ ಹೇಳಲಾಗದ ಕಡೆ ಹೆಣ್ಣಿನ ಹೆಸರು ತುಂಬಿಸುವ ಅಭ್ಯಾಸವನ್ನು ಯಾವ ನಾಗನೂ ಕೇಳಿಲ್ಲ.

ಹೆರಿಗೆಯಾದದ್ದು ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ. ಮೂವತ್ತೈದು ವಾರಕ್ಕೆ ನೋವು ಬಂತು. ಕೇರಳದಿಂದ ಬರುವವರನ್ನು ತಲಪಾಡಿ ಗಡಿಯಲ್ಲಿ ಪಾಸ್ ಇಲ್ಲದೆ ಬಿಡುತ್ತಿರಲಿಲ್ಲ, ಅವಳ ಅಮ್ಮನಿಗೆ ಅಷ್ಟರಲ್ಲಿ ಪಾಸ್ ಸಿಗಲಿಲ್ಲ. ಗಂಡನನ್ನು ಗೇಟಿನ ಒಳಗೆ ಬಿಡುತ್ತಿರಲಿಲ್ಲ. ಹೆರಿಗೆ ಕೋಣೆಯಲ್ಲಿ ಮಾಸ್ಕ್ ಹಾಕಿದ ನಾವಷ್ಟೇ. ಮಗು ಹುಟ್ಟಿ ಒಂದು ಸಣ್ಣ ಸದ್ದು ಮಾಡಿತು, ಅಳು ಅನ್ನುವಷ್ಟೂ ಅಲ್ಲ. ಮಕ್ಕಳ ಡಾಕ್ಟರ್ ಪಕ್ಕದಲ್ಲೇ ಇದ್ದರು. ನಳಿಕೆ, ಯಂತ್ರ ಏನೂ ಬೇಡ, ಬೆಚ್ಚಗಿಟ್ಟು ತಾಯಿಯ ಹತ್ತಿರ ಕೊಡುವ ಎಂದು ಮೊದಲೇ ಮಾತಾಗಿತ್ತು.

ಇಂಥ ಮಗುವನ್ನು ತಾಯಿಗೆ ತೋರಿಸಬಾರದು, ತೋರಿಸಿದರೆ ಮನಸ್ಸಿಗೆ ಕೆಡುಕು ಎಂಬ ಪದ್ಧತಿ ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬಲವಾಗಿತ್ತು. ಬಟ್ಟೆ ಸುತ್ತಿ ಹಿಂಬಾಗಿಲಿನಿಂದ ಮನೆಯ ಗಂಡಸರ ಕೈಗೆ ಕೊಡುತ್ತಿದ್ದರು. ನೋಡದ ತಾಯಂದಿರು ವರ್ಷಗಟ್ಟಲೆ ಏನೇನೋ ಕಲ್ಪಿಸಿಕೊಂಡು ನರಳುವುದನ್ನು ಕಂಡಿದ್ದೇನೆ. ಈಕೆ ಕೇಳುವುದನ್ನು ಕೇಳಿಯೇ ಬಿಟ್ಟಳು, ತನ್ನ ತುಳುವಿನಲ್ಲೇ: “ಎಂಕ್ ಬಾಲೆನ್ ತೂವೊಡು.” ಮಗುವನ್ನು ನೋಡಬೇಕು. ಬಿಳಿ ಬಟ್ಟೆಯಲ್ಲಿ ಸುತ್ತಿ, ಮುಖ ಕಾಣುವ ಹಾಗೆ ಅವಳ ಎದೆಯ ಮೇಲೆ ಮಲಗಿಸಿದೆ. ತಲೆ ತುಂಬ ಕಪ್ಪು ಕೂದಲು. ಅವಳು ಅದನ್ನೇ ಸವರಿದಳು. “ಕೂದಲು ಎಷ್ಟು ಉಂಟು ನೋಡಿ ಸಿಸ್ಟರ್, ಇವರ ಅಮ್ಮನ ಹಾಗೆ.” ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಬಟ್ಟೆಯ ಅಂಚು ಬಿಡಿಸಿದಳು. ನಾನು ತಡೆಯಲಿಲ್ಲ. ಕೂಡಿದ ಕಾಲಿನ ಮೇಲೆ ಅಂಗೈ ಇಟ್ಟು ಕೆಳಗಿನವರೆಗೂ ಒಯ್ದಳು, ತುದಿಯಲ್ಲಿ ಎರಡು ಪುಟ್ಟ ಪಾದ ಒಂದಕ್ಕೊಂದು ಸೇರಿದ್ದವು. ಬೆರಳುಗಳನ್ನು ಎಣಿಸಿದಳು. ಮತ್ತೆ ಮುಚ್ಚಿದಳು. ಮಗು ಒಂದು ಗಂಟೆಯೂ ಇರಲಿಲ್ಲ. ಇದ್ದಷ್ಟು ಹೊತ್ತು ಅವಳ ಮೈಮೇಲೇ ಇತ್ತು.

ಗಂಡೋ ಹೆಣ್ಣೋ ಎಂದು ಹೊರಗಿನಿಂದ ಫೋನಿನಲ್ಲಿ ಕೇಳುತ್ತಲೇ ಇದ್ದರು. ನೋಡಿ ಹೇಳುವಂತಿರಲಿಲ್ಲ. ಜನನ, ಮರಣದ ನಮೂನೆಗಳಲ್ಲಿ ಆ ಅಂಕಣ ಇರುತ್ತದೆ, ಹೂಳುವಾಗಲೂ ಮನೆಯವರಿಗೆ ಅದು ಬೇಕಾಗುತ್ತದೆ. ವರ್ಣತಂತು ಪರೀಕ್ಷೆ ಮಾಡಿದರೆ ತಿಳಿಯುತ್ತದೆ, ಫಲಿತಾಂಶ ಬರಲು ದಿನ ಹಿಡಿಯುತ್ತದೆ ಎಂದು ಡಾಕ್ಟರ್ ಹೇಳಿದರು. ಬೇಡ ಅಂದಳು ಅವಳು. ಮನೆಯಲ್ಲಿ ಇವತ್ತಿಗೂ ಆ ಮಗುವನ್ನು ‘ಬಾಲೆ’ ಎಂದೇ ಕರೆಯುತ್ತಾರಂತೆ. ತುಳುವಿನಲ್ಲಿ ಹಾಗೆಂದರೆ ಮಗು, ಗಂಡಾದರೂ ಹೆಣ್ಣಾದರೂ.

ವಾಟ್ಸ್‌ಆ್ಯಪ್‌ನಲ್ಲಿ ಇಂಥ ಮಕ್ಕಳ ಫೋಟೊಗಳು ಆಗಾಗ ಬರುತ್ತವೆ. ದೇವರ ಅವತಾರ, ಕಲಿಯುಗದ ಲಕ್ಷಣ, ಹತ್ತು ಜನರಿಗೆ ಕಳಿಸಿ ಎಂಬ ಒಕ್ಕಣೆಯ ಸಮೇತ. ದಯವಿಟ್ಟು ಕಳಿಸಬೇಡಿ. ಆ ಫೋಟೊ ತೆಗೆದ ಕೋಣೆಯಲ್ಲೇ ಆ ಮಗುವಿನ ತಾಯಿ ಮಲಗಿರುತ್ತಾಳೆ. ಯಾರೋ ಅವಳ ಅನುಮತಿ ಇಲ್ಲದೆ ಮೊಬೈಲ್ ಎತ್ತಿರುತ್ತಾರೆ.

ಈಗ ನಮ್ಮ ಕೈಯಲ್ಲಿರುವ ವಿಷಯಕ್ಕೆ ಬರುತ್ತೇನೆ. ಸೈರೆನೋಮೀಲಿಯಾಕ್ಕೆ ಹತ್ತಿರದ ಇನ್ನೊಂದು ಸ್ಥಿತಿ ಕಾಡಲ್ ರಿಗ್ರೆಶನ್. ಬೆನ್ನೆಲುಬಿನ ತುದಿ, ಅಂದರೆ ಸೊಂಟದ ಹಿಂಭಾಗದ ಎಲುಬು ಪೂರ್ತಿ ಬೆಳೆಯುವುದಿಲ್ಲ, ಅಲ್ಲಿಂದ ಕಾಲಿಗೆ, ಮೂತ್ರಕೋಶಕ್ಕೆ ಹೋಗುವ ನರಗಳೂ ಅರ್ಧಂಬರ್ಧ. 1961ರಲ್ಲಿ ಫ್ರಾನ್ಸಿನ ಡುಹಾಮೆಲ್ ಎಂಬ ವೈದ್ಯರು ಇವೆರಡೂ ಒಂದೇ ಸರಪಳಿಯ ಕೊಂಡಿಗಳು ಎಂದರು. ಅಲ್ಲ, ಬೇರೆ ಬೇರೆ ಎನ್ನುವವರು ಈಗ ಬಹಳ ಜನ ಇದ್ದಾರೆ. ಆ ಚರ್ಚೆ ತಜ್ಞರಿಗಿರಲಿ. ನಮಗೆ ಮುಖ್ಯವಾದದ್ದು, ಕಾಡಲ್ ರಿಗ್ರೆಶನ್‌ಗೂ ತಾಯಿಯ ಸಕ್ಕರೆ ಕಾಯಿಲೆಗೂ ಇರುವ ನಂಟು ಗಟ್ಟಿಯಾದದ್ದು. ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದ ತಾಯಂದಿರಲ್ಲಿ ಸುಮಾರು 350ಕ್ಕೆ ಒಂದು ಮಗುವಿಗೆ ಇದು ಬರುತ್ತದೆ ಎಂಬ ಅಂದಾಜಿದೆ. ಉಳಿದವರಿಗಿಂತ ಅದು ಎಷ್ಟೋ ಪಟ್ಟು ಹೆಚ್ಚು. ಆದರೆ 349 ಮಕ್ಕಳಿಗೆ ಬರುವುದಿಲ್ಲ ಎಂಬುದನ್ನೂ ಸೇರಿಸಿಯೇ ಓದಬೇಕು.

‘ಬಸಿರಿಗೆ ಮೊದಲೇ’ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಆರನೇ ತಿಂಗಳ ಹೊತ್ತಿಗೆ ಹೊಸದಾಗಿ ಕಾಣಿಸಿಕೊಳ್ಳುವ ಶುಗರ್ ಇದಕ್ಕೆ ಕಾರಣವಲ್ಲ, ಅಷ್ಟರಲ್ಲಿ ಮಗುವಿನ ಅಂಗಾಂಗ ಆಗಿ ಮುಗಿದಿರುತ್ತದೆ. ತೊಂದರೆ ಮೊದಲ ವಾರಗಳ ಏರು ಸಕ್ಕರೆಯದು. ಸರಕಾರಿ ವ್ಯವಸ್ಥೆಯಲ್ಲಿ ಬಸುರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡಿ, 140 ಮುಟ್ಟಿದರೆ ಶುಗರ್ ಇದೆ ಎನ್ನುತ್ತಾರೆ. ಒಳ್ಳೆಯ ಪರೀಕ್ಷೆ. ಆದರೆ ಹೆಣ್ಣುಮಕ್ಕಳು ಮೊದಲ ಸಲ ಬರುವುದೇ ಎರಡು, ಮೂರು ತಿಂಗಳಾದ ಮೇಲೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಅವರಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರೂ ಇದ್ದಾರೆ, ತಮಗಿದೆ ಎಂದು ಗೊತ್ತಿಲ್ಲದವರೂ ಇದ್ದಾರೆ. ಮದುವೆಗೆ ಚಿನ್ನ ನೋಡುವ ಹೊತ್ತಿನಲ್ಲಿ ಹುಡುಗಿಯ ಶುಗರನ್ನೂ ಒಮ್ಮೆ ನೋಡಿಸಬೇಕು. ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಬಂದ ಮೇಲೆ ಮಗುವಿನ ಯೋಚನೆ ಮಾಡುವುದು ಕ್ಷೇಮ. ಫೋಲಿಕ್ ಆಸಿಡ್ ಮಾತ್ರೆಯನ್ನೂ ಆಗಲೇ ಶುರುಮಾಡಬೇಕು, ಏಕೆಂದರೆ ಬೆನ್ನುಹುರಿಯ ಕೊಳವೆ ಮುಚ್ಚುವುದು ಗರ್ಭ ಕಟ್ಟಿದ 28 ದಿನದೊಳಗೆ. ಸಾಧ್ಯವಾದರೆ 11ರಿಂದ 13 ವಾರದ ಸ್ಕ್ಯಾನಿಂಗನ್ನೂ ಬಿಡಬೇಡಿ. ಆ ಹೊತ್ತಿಗೆ ಗರ್ಭದ ನೀರು ಮಗುವಿನ ಕಿಡ್ನಿಯನ್ನು ನೆಚ್ಚಿಕೊಂಡಿರುವುದಿಲ್ಲವಾದ್ದರಿಂದ, ಕಿಡ್ನಿ ಇಲ್ಲದ ಮಗುವಿನ ಕಾಲುಗಳೂ ಐದನೇ ತಿಂಗಳಿಗಿಂತ ಸ್ಪಷ್ಟವಾಗಿ ಕಾಣುತ್ತವೆ.

ಹೀಗೆ ಹೇಳುವಾಗ ನನಗೊಂದು ಭಯವೂ ಇದೆ. ನಾಗದೋಷದ ಜಾಗಕ್ಕೆ ‘ಶುಗರ್ ದೋಷ’ ಬಂದು ಕೂತು, ಅದೂ ಸೊಸೆಯ ತಲೆಗೇ ಬೀಳಬಾರದು. ನನ್ನ ದೊಡ್ಡಮ್ಮನ ಮೊಮ್ಮಗಳು ಬ್ರಹ್ಮಾವರದ ಹತ್ತಿರ ಇದ್ದಾಳೆ. ಹನ್ನೆರಡನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಅವಳ ಮಗ ಕಾಡಲ್ ರಿಗ್ರೆಶನ್‌ನಿಂದ ಹುಟ್ಟಿದವನು. “ನಿನ್ನ ಕಾಯಿಲೆ ಮಗುವಿಗೆ ಬಂತು” ಎಂದು ಅವಳಿಗೆ ಹೇಳದವರಿಲ್ಲ. ಅವಳ ಕಾಯಿಲೆ ಅವಳು ಬೇಡಿ ಪಡೆದದ್ದೇ?

ಆ ಹುಡುಗ ಈಗ ಏಳನೇ ತರಗತಿ. ಕಾಲು ಸಪೂರ, ಚಕ್ಕಳಮಕ್ಕಳ ಹಾಕಿದ ಹಾಗೆಯೇ ಮಡಚಿರುತ್ತದೆ, ಮೊಣಕಾಲು ಪೂರ್ತಿ ಬಿಡಿಸಲು ಬರುವುದಿಲ್ಲ. ಮನೆಯೊಳಗೆ ಕೈಯೂರಿ ಸರಸರ ಹೋಗುತ್ತಾನೆ, ಹೊರಗೆ ಗಾಲಿಕುರ್ಚಿ. ಈ ಸ್ಥಿತಿಯಲ್ಲಿ ಬುದ್ಧಿಗೆ ಏನೂ ಆಗಿರುವುದಿಲ್ಲ, ಇವನಿಗಂತೂ ಲೆಕ್ಕದಲ್ಲಿ ಚುರುಕು ಜಾಸ್ತಿಯೇ. ಯಕ್ಷಗಾನದ ಪದಗಳನ್ನು ಭಾಗವತರ ಶೈಲಿ ಹಿಡಿದು ಹೇಳುತ್ತಾನೆ. ಅವನ ದಿನ ನಡೆಯುವುದು ಗಡಿಯಾರದ ಮೇಲೆ. ಮೂತ್ರಕೋಶಕ್ಕೆ ನರದ ಸೂಚನೆ ಇಲ್ಲದ್ದರಿಂದ ಮೂರು, ನಾಲ್ಕು ಗಂಟೆಗೊಮ್ಮೆ ಸಪೂರ ನಳಿಕೆ ಹಾಕಿ ಖಾಲಿ ಮಾಡಬೇಕು. ಇಲ್ಲದಿದ್ದರೆ ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಹಾಳಾಗುತ್ತದೆ. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಎಂಬ ತಜ್ಞರು ಇದಕ್ಕೆ ಆಪರೇಶನ್ ಥಿಯೇಟರಿನ ಮಡಿ ಬೇಕಿಲ್ಲ, ಶುಭ್ರವಾದ ಕೈ ಮತ್ತು ನಳಿಕೆ ಸಾಕು ಎಂದು ತೋರಿಸಿಕೊಟ್ಟರು. ಅದರಿಂದಲೇ ಇಂಥ ಮಕ್ಕಳು ಶಾಲೆಗೆ ಹೋಗುವಂತಾಯಿತು. ಹುಡುಗ ನಾಲ್ಕನೇ ತರಗತಿಯಲ್ಲೇ ತಾನಾಗಿ ಮಾಡಲು ಕಲಿತ. ಅವನ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ನಳಿಕೆಗಳು, ಸೋಪಿನ ತುಂಡು, ಮಡಚಿದ ಬಿಳಿ ಬಟ್ಟೆ, ಸಣ್ಣ ಕನ್ನಡಿ.

ಆದರೆ ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಹುಡುಗರು ಇಣುಕುತ್ತಾರೆಂದು ಅವನು ನೀರು ಕುಡಿಯುವುದನ್ನೇ ನಿಲ್ಲಿಸಿದ. ಒಂದು ವರ್ಷದಲ್ಲಿ ಎರಡು ಸಲ ಜ್ವರ ಬಂದು ಆಸ್ಪತ್ರೆ ಸೇರಿದ. ಅವನಮ್ಮ ಅರ್ಜಿ ಬರೆದಳು, ಅನುದಾನ ಬರಲಿ ಅಂದರು. ಕೊನೆಗೆ ಅವಳೇ ಬಡಗಿಯನ್ನು ಕರೆದುಕೊಂಡು ಹೋಗಿ ಚಿಲಕ ಹಾಕಿಸಿದಳು, ಹುಡುಗನ ಕೈಗೆ ಎಟುಕುವ ಎತ್ತರಕ್ಕೆ. ಕಿಡ್ನಿ ಉಳಿಸುವ ಚಿಕಿತ್ಸೆಗಳಲ್ಲಿ ಅದೂ ಒಂದು ಎಂದು ನಾನು ನಂಬಿದ್ದೇನೆ.

ಜೂನಿಗೆ ಅವನು ಎಂಟನೇ ತರಗತಿ. ಹತ್ತಿರದ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿ ನಡೆಯುವುದು ಮಹಡಿಯ ಮೇಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶಾಲೆಯ ಕಟ್ಟಡ ಇಂಥ ಮಕ್ಕಳಿಗೆ ಎಟುಕುವಂತಿರಬೇಕು ಎನ್ನುತ್ತದೆ. ಲಿಫ್ಟ್ ಕೇಳುತ್ತಿಲ್ಲ ನಾವು. ಆ ಒಂದು ತರಗತಿಯನ್ನು ಕೆಳಗಿನ ಕೋಣೆಗೆ ಇಳಿಸಿ, ಕೆಳಗಿನ ಶೌಚಾಲಯಕ್ಕೊಂದು ಇಳಿಜಾರು ಮಾಡಿಸಿ ಎಂದಷ್ಟೇ. ಕಾಯ್ದೆಯ ಪ್ರತಿ, ಡಾಕ್ಟರ ಪತ್ರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನ ಜೆರಾಕ್ಸ್ ಎಲ್ಲ ಒಂದು ಫೈಲಿನಲ್ಲಿ ಸೇರಿಸಿಟ್ಟಿದ್ದೇವೆ. ಮುಂದಿನ ವಾರ ಮುಖ್ಯೋಪಾಧ್ಯಾಯರನ್ನು ಕಾಣಲು ಅವಳ ಜೊತೆ ನಾನೂ ಹೋಗುತ್ತಿದ್ದೇನೆ, ಅಲ್ಲಿ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ. ಉಡುಪಿ ಕಡೆ ಯಾರಾದರೂ ಹೀಗೆ ತರಗತಿ ಕೆಳಗೆ ಇಳಿಸಿಕೊಂಡ ಅನುಭವ ಇರುವ ತಂದೆತಾಯಿ ಇದ್ದರೆ, ಯಾವ ಕಾಗದ ಕೇಳಿದರು, ಯಾರಿಗೆ ಬರೆದಿರಿ ಎಂಬುದನ್ನು ತಿಳಿಸಿ.